ಟೂಟ್ಸ್ ಹಿಬ್ಬರ್ಟ್ ಮತ್ತು ರಾತ್ರಿ ಹನ್ನೊಂದರ ನಂತರದ ಹಾಡುಗಳು

ಕೋಲಾರದ ಬಸ್ ನಿಲ್ದಾಣದ ಸುತ್ತಮುತ್ತ ರಸ್ತೆ ಬದಿಯಲ್ಲಿ ಬಟ್ಟೆ ಹರವಿಕೊಂಡು ಮಾರುವವರ ಬಳಿ ಜಮೈಕಾದ ರೆಗ್ಗೆ ಸಂಗೀತದ ಗಾಯಕ ಬಾಬ್ ಮಾರ್ಲೆಯ ಮುಖವಿರುವ ಟೀ ಶರ್ಟ್ ಸಿಗುತ್ತದೆ. ಆಟೊಗಳ ಹಿಂದೆ, ಬೈಕುಗಳ ಟ್ಯಾಂಕಿನ ಮೇಲೆ ಕೂಡ ಆ ಮುಖವಿದೆ. ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಪಟ್ಟೆ. ತೊಟ್ಟವರಲ್ಲಿ ಎಷ್ಟು ಮಂದಿ ಆತನ ಹಾಡು ಕೇಳಿದ್ದಾರೆ ಎಂದು ವಿಚಾರಿಸುವ ಕೆಟ್ಟ ಚಾಳಿ ನನಗಿಲ್ಲ. ನನ್ನ ತಕರಾರು ಬೇರೆ. ಅದೇ ಜಮೈಕಾದ, ಅದೇ ಕಿಂಗ್‌ಸ್ಟನ್ ನಗರದ, ಅದೇ ಟ್ರೆಂಚ್‌ಟೌನ್ ಕೇರಿಯಲ್ಲಿ ಬೆಳೆದು, ಮಾರ್ಲೆ ತೀರಿಕೊಂಡ ಮೇಲೂ ಸುಮಾರು ನಲವತ್ತು ವರ್ಷ ಊರೂರು ಸುತ್ತಿ ಹಾಡಿದ ಟೂಟ್ಸ್ ಹಿಬ್ಬರ್ಟ್ ಅವರ ಮುಖ ಯಾವ ಅಂಗಿಯ ಮೇಲೂ ಇಲ್ಲ. ಮಾರ್ಲೆ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರತಕ್ಷತೆಗಳಲ್ಲಿ ಕೀಬೋರ್ಡ್ ನುಡಿಸಿ, ಊಟದ ಹಾಲಿನ ಕಡೆಯ ಪಂಕ್ತಿಯಲ್ಲಿ ಕುಳಿತು ಊಟ ಮಾಡಿ, ಬಾಕಿ ಹಣಕ್ಕೆ ವಧುವಿನ ಸೋದರಮಾವನನ್ನು ಹುಡುಕಿಕೊಂಡು ಅಲೆಯುವ ನನ್ನಂಥವನಿಗೆ ಟೂಟ್ಸ್ ಹೆಚ್ಚು ಹತ್ತಿರದವರು.

ನಾನು ಬಂಗಾರಪೇಟೆಯವನು. ಹಗಲು ಗೊಬ್ಬರ, ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮುಹೂರ್ತಗಳಿರುವ ತಿಂಗಳುಗಳಲ್ಲಿ ರಾತ್ರಿ ರಸಮಂಜರಿ ತಂಡದ ಕೀಬೋರ್ಡ್ ವಾದಕ. ನಮ್ಮ ಜಿಲ್ಲೆಯಲ್ಲಿ ರಸಮಂಜರಿ ನಡೆಸುವುದೆಂದರೆ ಮೂರು ಭಾಷೆಗಳ ವ್ಯವಹಾರ. ಗಣಪತಿಯ ಹಾಡಿನಿಂದ ಆರಂಭ, ಆಮೇಲೆ ರಾಜ್‌ಕುಮಾರ್. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಾದರೆ ತೆಲುಗು ಬೇಕೇ ಬೇಕು. ಕೆ.ಜಿ.ಎಫ್. ಆದರೆ ಇಳಯರಾಜ ಇಲ್ಲದೆ ವೇದಿಕೆ ಇಳಿಯುವಂತಿಲ್ಲ. ಮಾಲೂರಿನ ಮದುವೆಗೆ ಬೆಂಗಳೂರಿನಿಂದ ಬಂದ ಹುಡುಗರು ಹಿಂದಿ ಕೇಳುತ್ತಾರೆ. ಯಾರಾದರೂ ಬಂದು ಸಂಗೀತದಲ್ಲಿ ಮಿಶ್ರಣ ಸರಿಯೇ ತಪ್ಪೇ ಎಂದು ಚರ್ಚೆ ತೆಗೆದರೆ ನಾನು ಎದ್ದು ಹೋಗುತ್ತೇನೆ. ಇಲ್ಲಿ ಅದು ಸಿದ್ಧಾಂತವಲ್ಲ, ಅಡ್ವಾನ್ಸ್ ಪಡೆದ ಮೇಲೆ ಮಾಡಲೇಬೇಕಾದ ಕೆಲಸ.

ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್ ಕಡೆಯ ಕಾರ್ಯಕ್ರಮಗಳಲ್ಲಿ ಮಾತ್ರ ಒಂದು ವಿಶೇಷವಿದೆ. ರಾತ್ರಿ ಹನ್ನೊಂದು ದಾಟಿ, ಫೋಟೊ ತೆಗೆಸಿಕೊಳ್ಳುವವರ ಸಾಲು ಕರಗಿ, ಕುರ್ಚಿಗಳು ಅರ್ಧ ಖಾಲಿಯಾದಾಗ ಮುಂದಿನ ಸಾಲಿಗೆ ಕೆಲವು ಹಿರಿಯರು ಬಂದು ಕುಳಿತುಕೊಳ್ಳುತ್ತಾರೆ. ಹಿಂದೆ ಗಣಿಯಲ್ಲಿ ಕೆಲಸ ಮಾಡಿದವರು, ಆಂಗ್ಲೋ ಇಂಡಿಯನ್ ಮನೆತನದವರು, ಚರ್ಚಿನ ಗಾಯನ ತಂಡದಲ್ಲಿ ಹಾಡಿದ ತಮಿಳು ಕ್ರೈಸ್ತರು. ಅವರು ಚೀಟಿ ಕಳಿಸುವುದಿಲ್ಲ, ಬೆರಳೆತ್ತಿ ಕರೆದು ಹೇಳುತ್ತಾರೆ. ಒಬ್ಬರಿಗೆ ಜಿಮ್ ರೀವ್ಸ್ ಬೇಕು. ಇನ್ನೊಬ್ಬರಿಗೆ ‘ಕಂಟ್ರಿ ರೋಡ್ಸ್’ ಬೇಕು. ಅಮೆರಿಕದ ಹಳ್ಳಿಗಾಡಿನ ಈ ಕಂಟ್ರಿ ಸಂಗೀತ ನಮ್ಮ ಚಿನ್ನದ ಗಣಿಯ ಊರಿಗೆ ಯಾವಾಗ ಬಂತೋ, ಹೋಗಲೇ ಇಲ್ಲ. ಜಿಮ್ ರೀವ್ಸ್ 1964ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಹಾಡು ಉಳಿದಿದೆ.

ನನಗೆ ಈ ಹಾಡುಗಳ ಸ್ವರ ಹಿಡಿಯಲು ಕಲಿಸಿದವರು ಚಾಂಪಿಯನ್ ರೀಫ್ಸ್‌ನ ಒಬ್ಬ ಗಿಟಾರ್ ಮಾಸ್ಟರ್. ಗಣಿ ಕಂಪನಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸಂಜೆ ಮನೆಯ ಜಗಲಿಯಲ್ಲಿ ಕುಳಿತು ಹುಡುಗರಿಗೆ ಪಾಠ ಹೇಳುತ್ತಿದ್ದರು. ಟೂಟ್ಸ್ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ಒಂದು ಸಂಜೆ ‘ಕಂಟ್ರಿ ರೋಡ್ಸ್’ ಅಭ್ಯಾಸ ಮುಗಿದ ಮೇಲೆ, “ಇದನ್ನೇ ಒಬ್ಬ ಕರಿಯ ಗಾಯಕ ಹಾಡಿದ್ದಾನೆ, ಕೇಳು. ಆಮೇಲೆ ನಿನಗೆ ಹಳೆಯದು ಬೇಡವಾದರೆ ನನ್ನನ್ನು ಬಯ್ಯಬೇಡ” ಎಂದು ಕ್ಯಾಸೆಟ್ ಹಾಕಿದರು. ಹಳೆಯದು ನನಗೆ ಬೇಡವಾಗಲಿಲ್ಲ. ಆದರೆ ಮಾಸ್ಟರ್ ಅಷ್ಟು ಖುಷಿಯಾಗಿದ್ದೇಕೆ ಎಂಬುದು ಅರ್ಥವಾಗಲು ನಾನು ಇನ್ನಷ್ಟು ವರ್ಷ ವೇದಿಕೆಯ ಮೇಲೆ ನಿಲ್ಲಬೇಕಾಯಿತು.

ಫ್ರೆಡರಿಕ್ ನಥೇನಿಯಲ್ ಹಿಬ್ಬರ್ಟ್ ಹುಟ್ಟಿದ್ದು 1942ರ ಡಿಸೆಂಬರ್ 8ರಂದು, ಜಮೈಕಾದ ಕ್ಲಾರೆಂಡನ್ ಪ್ರಾಂತ್ಯದ ಮೇ ಪೆನ್ ಎಂಬ ಊರಿನಲ್ಲಿ. ತಂದೆ ತಾಯಿ ಇಬ್ಬರೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಕಟ್ಟುನಿಟ್ಟಿನ ಪ್ರಚಾರಕರು. ಹುಡುಗ ಹಾಡಲು ಕಲಿತದ್ದು ಚರ್ಚಿನಲ್ಲಿ, ಚಪ್ಪಾಳೆಯ ನಡುವೆ. ಬಾಲ್ಯದಲ್ಲೇ ಇಬ್ಬರನ್ನೂ ಕಳೆದುಕೊಂಡು ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನ್ ಸೇರಿದ. ಅಲ್ಲಿ ಕ್ಷೌರದಂಗಡಿಯಲ್ಲಿ ಕೆಲಸ. ಹಾಡಿಕೊಂಡು ಕೆಲಸ ಮಾಡುವ ಈ ಹುಡುಗನ ಕಂಠ ಕೇಳಿದವರಲ್ಲಿ ರಾಲೀ ಗಾರ್ಡನ್ ಮತ್ತು ಜೆರ್ರಿ ಮಥಾಯಸ್ ಎಂಬ ಇಬ್ಬರು ಯುವಕರೂ ಇದ್ದರು. ಮೂವರು ಸೇರಿ 1960ರ ದಶಕದ ಆರಂಭದಲ್ಲಿ ಕಟ್ಟಿದ ತಂಡವೇ ಮೇಟಲ್ಸ್. ಜಮೈಕಾ ಬ್ರಿಟಿಷರಿಂದ ಸ್ವತಂತ್ರವಾದದ್ದು 1962ರಲ್ಲಿ. ದೇಶಕ್ಕೂ ತಂಡಕ್ಕೂ ಹೆಚ್ಚು ಕಡಿಮೆ ಒಂದೇ ವಯಸ್ಸು.

ಆ ಕಾಲದ ಜಮೈಕಾದಲ್ಲಿ ಸಂಗೀತ ಬೆಳೆದ ಬಗೆ ನಮ್ಮ ಕಡೆಯವರಿಗೆ ಹೊಸದೆನಿಸಲಾರದು. ಸೌಂಡ್ ಸಿಸ್ಟಂ ಇಟ್ಟುಕೊಂಡವರೇ ಅಲ್ಲಿ ರಾಜರು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಬೀದಿಯಲ್ಲಿ ಪೇರಿಸಿ, ರೆಕಾರ್ಡ್ ಹಾಕಿ, ಜನ ಸೇರಿಸುವುದು. ಪಕ್ಕದ ಬೀದಿಯವನ ಸದ್ದನ್ನು ಅಡಗಿಸುವುದು. ಕೋಲಾರಮ್ಮನ ಉತ್ಸವದಲ್ಲೋ ಅಣ್ಣಮ್ಮನ ಮೆರವಣಿಗೆಯಲ್ಲೋ ಎರಡು ಸೌಂಡ್ಸ್‌ನವರು ಎದುರುಬದುರಾದರೆ ಏನಾಗುತ್ತದೆ ಎಂಬುದನ್ನು ಕಂಡವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆ ಪೈಪೋಟಿಗೆ ಹೊಸ ಹೊಸ ಹಾಡು ಬೇಕಾದಾಗ ಕಾಕ್ಸನ್ ಡಾಡ್ ಅವರಂಥ ಸೌಂಡ್ ಸಿಸ್ಟಂ ಮಾಲೀಕರೇ ಧ್ವನಿಮುದ್ರಣ ಶುರು ಮಾಡಿದರು. ಮೇಟಲ್ಸ್ ಮೊದಲು ಹಾಡಿದ್ದು ಡಾಡ್ ಅವರ ಸ್ಟುಡಿಯೊ ಒನ್‌ನಲ್ಲಿ. ಗಾಯಕರಿಗೆ ಹಾಡಿಗೆ ಇಷ್ಟೆಂದು ಒಂದೇ ಸಲ ಕೈಗೆ ಕೊಟ್ಟು ಕಳಿಸುತ್ತಿದ್ದ ಕಾಲ ಅದು. ರಾಯಧನದ ಮಾತು ಎತ್ತುವವರು ಕಡಿಮೆ, ಎತ್ತಿದರೂ ಕೇಳುವವರು ಇನ್ನೂ ಕಡಿಮೆ.

ರಾತ್ರಿಯ ಹೊತ್ತು ರೇಡಿಯೊದಲ್ಲಿ ಅಮೆರಿಕದ ದಕ್ಷಿಣ ತೀರದ ಕೇಂದ್ರಗಳು ಸಮುದ್ರ ದಾಟಿ ಜಮೈಕಾದಲ್ಲಿ ಕೇಳುತ್ತಿದ್ದವು. ಒಂದರಲ್ಲಿ ಅಮೆರಿಕದ ಕಪ್ಪು ಗಾಯಕರಾದ ರೇ ಚಾರ್ಲ್ಸ್, ಓಟಿಸ್ ರೆಡ್ಡಿಂಗ್ ಮುಂತಾದವರ, ಚರ್ಚಿನ ಗಾಯನದಿಂದ ಬೆಳೆದ ಸೋಲ್ ಸಂಗೀತ, ಇನ್ನೊಂದರಲ್ಲಿ ನ್ಯಾಷ್‌ವಿಲ್‌ನ ಕಂಟ್ರಿ. ನಮ್ಮ ಕೆ.ಜಿ.ಎಫ್.ನ ಹಿರಿಯರಂತೆ ಜಮೈಕಾದ ಹಿರಿಯರಿಗೂ ಜಿಮ್ ರೀವ್ಸ್ ಎಂದರೆ ಪ್ರಾಣ ಎಂದು ಓದಿದಾಗ ನನಗೆ ಆಶ್ಚರ್ಯಕ್ಕಿಂತ ಸಮಾಧಾನವೇ ಹೆಚ್ಚಾಯಿತು. ಭಾನುವಾರ ಚರ್ಚು, ವಾರವಿಡೀ ದುಡಿಮೆ, ದೂರದಲ್ಲಿ ಬಿಟ್ಟು ಬಂದ ಮನೆ. ಇವಿಷ್ಟಿದ್ದ ಕಡೆ ಆ ಹಾಡು ಹೋಗಿ ಕುಳಿತುಕೊಂಡಿತು, ಕೇಳುವವರ ಬಣ್ಣ ನೋಡಲಿಲ್ಲ. ರೇ ಚಾರ್ಲ್ಸ್ 1962ರಲ್ಲೇ ಕಂಟ್ರಿ ಹಾಡುಗಳನ್ನು ತಮ್ಮ ಕಂಠಕ್ಕೆ ಒಗ್ಗಿಸಿಕೊಂಡು ಒಂದು ಇಡೀ ಆಲ್ಬಂ ಮಾಡಿದ್ದರು, ಅದು ಭರ್ಜರಿಯಾಗಿ ಗೆದ್ದಿತ್ತು. ಟೂಟ್ಸ್ ಬೆಳೆದದ್ದೇ ರೇ ಚಾರ್ಲ್ಸ್ ಅವರನ್ನು ಮೆಚ್ಚಿಕೊಂಡು. ಹಾಗಾಗಿ ಕಂಟ್ರಿ, ಸೋಲ್ ಎಂಬ ಎರಡು ಡಬ್ಬಗಳು ಅವರ ತಲೆಯಲ್ಲಿ ಬೇರೆ ಬೇರೆಯಾಗಿ ಇರಲೇ ಇಲ್ಲ ಎಂಬುದು ನನ್ನ ಎಣಿಕೆ.

1966ರಲ್ಲಿ ಜಮೈಕಾದ ಸ್ವಾತಂತ್ರ್ಯೋತ್ಸವದ ಅಂಗವಾಗಿ ಮೊದಲ ಬಾರಿಗೆ ಹಾಡಿನ ಸ್ಪರ್ಧೆ ನಡೆದಾಗ ಮೇಟಲ್ಸ್ ಗೆದ್ದರು. ಇನ್ನೇನು ಹೆಸರು ಹಬ್ಬುತ್ತದೆ ಎನ್ನುವಾಗ ಟೂಟ್ಸ್ ಗಾಂಜಾ ಪ್ರಕರಣದಲ್ಲಿ ಜೈಲು ಸೇರಿದರು. ಹದಿನೆಂಟು ತಿಂಗಳ ಶಿಕ್ಷೆ. ತನ್ನನ್ನು ಸಿಕ್ಕಿಸಿಹಾಕಿದರು ಎಂದೇ ಅವರು ಮುಂದೆಯೂ ಹೇಳಿಕೊಂಡು ಬಂದರು. ಹೊರಬಂದು ಹಾಡಿದ್ದು ‘54-46’. ಪೊಲೀಸರು ತಡೆದು ನಿಲ್ಲಿಸಿ ಜೇಬು ತಡಕುವ, ಕೈದಿಗೆ ಹೆಸರು ಹೋಗಿ ಸಂಖ್ಯೆಯೊಂದೇ ಉಳಿಯುವ ಹಾಡು. ಇದರಲ್ಲಿ ಒಂದು ಜಾಗವಿದೆ. ಟೂಟ್ಸ್ ವಾದ್ಯದವರಿಗೆ ಒಂದು ಪೆಟ್ಟು ಕೊಡಿ ಎನ್ನುತ್ತಾರೆ, ತಂಡ ಒಂದು ಕೊಡುತ್ತದೆ. ಎರಡು ಎನ್ನುತ್ತಾರೆ, ಎರಡು. ಮೂರು, ನಾಲ್ಕು. ಮಧ್ಯದ ನಿಶ್ಶಬ್ದಗಳಲ್ಲಿ ಯಾರೂ ಅಲುಗುವುದಿಲ್ಲ. ವೇದಿಕೆಯ ಮೇಲಿನ ಧ್ವನಿಮುದ್ರಣಗಳಲ್ಲಿ ಇದನ್ನು ಕೇಳಿದಾಗಲೆಲ್ಲ ನನಗೆ ನಮ್ಮ ತಂಡದ ಕಡೆ ನೋಡಿ ನಿಟ್ಟುಸಿರು ಬರುತ್ತದೆ. ನಮ್ಮಲ್ಲಿ ಮೂರು ಪೆಟ್ಟು ಕೇಳಿದರೆ ಪ್ಯಾಡ್ ನುಡಿಸುವವನು ಸಂತೋಷಕ್ಕೆ ಐದು ಕೊಡುತ್ತಾನೆ.

ಜೈಲಿನಿಂದ ಬಂದ ಮೇಲೆ ಅವರಿಗೆ ಸಿಕ್ಕ ನಿರ್ಮಾಪಕರು ಲೆಸ್ಲಿ ಕಾಂಗ್. ಚೀನೀ ಮೂಲದ ಜಮೈಕಾದವರು, ಬೆವರ್ಲೀಸ್ ಎಂಬ ಐಸ್‌ಕ್ರೀಂ ಅಂಗಡಿಯ ಜೊತೆಗೇ ರೆಕಾರ್ಡ್ ವ್ಯಾಪಾರ ಬೆಳೆಸಿದವರು. ಅವರ ಬಳಿ ಹಾಡಿದ ಆ ಎರಡು ಮೂರು ವರ್ಷಗಳೇ ಮೇಟಲ್ಸ್‌ನ ಸುಗ್ಗಿ. 1968ರಲ್ಲಿ ಹೊರಬಂದ ‘ಡು ದ ರೆಗ್ಗೇ’ ಎಂಬ ಹಾಡಿನಿಂದಲೇ ಜಮೈಕಾದ ಆ ಸಂಗೀತಕ್ಕೆ ರೆಗ್ಗೆ ಎಂಬ ಹೆಸರು ನಿಂತಿತು ಎನ್ನುತ್ತಾರೆ. ಇಂಥ ದೊಡ್ಡ ಗೌರವದ ಬಗ್ಗೆ ನನಗೆ ಅಷ್ಟೇನೂ ಕುತೂಹಲವಿಲ್ಲ. ಹೆಸರು ಇಟ್ಟವರಿಗಿಂತ ಮಗು ಸಾಕಿದವರು ಮುಖ್ಯ, ಟೂಟ್ಸ್ ಎರಡನ್ನೂ ಮಾಡಿದರು.

ನನಗೆ ಪ್ರಿಯವಾದದ್ದು 1969ರಲ್ಲಿ ಮತ್ತೆ ಅದೇ ಸ್ಪರ್ಧೆಯನ್ನು ಗೆದ್ದುಕೊಟ್ಟ ‘ಸ್ವೀಟ್ ಅಂಡ್ ಡ್ಯಾಂಡಿ’. ಮದುವೆಯ ಹಾಡು. ಆದರೆ ಪ್ರೇಮದ ಹಾಡಲ್ಲ, ಮದುವೆ ಮನೆಯ ಹಾಡು. ಒಂದು ಕೋಣೆಯಲ್ಲಿ ವಧು ಎಟ್ಟಿ ಅಳುತ್ತಿದ್ದಾಳೆ, ಇನ್ನೊಂದರಲ್ಲಿ ವರ ಜಾನ್ಸನ್ ಪೇಚಾಡುತ್ತಿದ್ದಾನೆ, ನೆಂಟರು ಸಮಾಧಾನ ಹೇಳುತ್ತಿದ್ದಾರೆ. ಜನ ಕುಣಿಯುತ್ತಿದ್ದಾರೆ. ಕಲ್ಯಾಣ ಮಂಟಪದ ವೇದಿಕೆಯಿಂದ ಕಾಣುವ ದೃಶ್ಯ ಇದೇ. ಕೆಳಗೆ ನಿಂತವರಿಗೆ ಅಲಂಕಾರ ಮಾತ್ರ ಕಾಣುತ್ತದೆ. ಬದಿಯ ಬಾಗಿಲ ಪಕ್ಕ ವಾದ್ಯ ಜೋಡಿಸಿಕೊಂಡು ಕುಳಿತವರಿಗೆ ಒಳಗಿನ ಅಳು, ಉಂಗುರದ ಜಗಳ, ಅಡುಗೆಯವರ ಕೂಗಾಟ ಎಲ್ಲವೂ ಕೇಳುತ್ತದೆ. ಹಾಡು ಬರೆದವನು ಬದಿಯ ಬಾಗಿಲಿನ ಕಡೆ ನಿಂತಿದ್ದವನು ಎಂಬುದು ನನಗೆ ಮೊದಲ ಸಲಕ್ಕೇ ಗೊತ್ತಾಯಿತು. ಜಿಮ್ಮಿ ಕ್ಲಿಫ್ ನಟಿಸಿದ, 1972ರ ‘ದ ಹಾರ್ಡರ್ ದೇ ಕಮ್’ ಚಿತ್ರದಲ್ಲಿ ಮೇಟಲ್ಸ್ ಮೂವರೂ ಸ್ಟುಡಿಯೊದಲ್ಲಿ ಇದನ್ನು ಹಾಡುವ ದೃಶ್ಯವಿದೆ. ಆ ಮೂವರ ಮುಖದ ಸಂತೋಷ ನೋಡುವುದಕ್ಕಾದರೂ ಆ ಚಿತ್ರ ನೋಡಬೇಕು.

ಅದೇ ಚಿತ್ರದ ಮೂಲಕ ಜಗತ್ತು ಸುತ್ತಿದ ಇನ್ನೊಂದು ಹಾಡು ‘ಪ್ರೆಶರ್ ಡ್ರಾಪ್’. ಕೇಳಲು ಕುಣಿಯುವ ಹಾಡು, ಒಳಗೆ ಶಾಪ. ತನಗೆ ಅನ್ಯಾಯ ಮಾಡಿದವರೊಡನೆ ಕೈ ಮಿಲಾಯಿಸುವ ಬದಲು, ನೀನು ಮಾಡಿದ್ದು ನಿನ್ನ ಮೇಲೇ ಬಂದು ಬೀಳುತ್ತದೆ ಎಂದು ಹೇಳಿ ಬಿಡುತ್ತಿದ್ದೆ, ಆ ಮಾತೇ ಹಾಡಾಯಿತು ಎಂಬ ಅರ್ಥದಲ್ಲಿ ಟೂಟ್ಸ್ ವಿವರಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಹಿಡಿ ಮಣ್ಣು ತೂರಿ ಶಪಿಸುತ್ತಿದ್ದದ್ದು ಇದನ್ನೇ. ವ್ಯತ್ಯಾಸವೆಂದರೆ ಇಲ್ಲಿ ಮಣ್ಣು ತೂರುವವನು ನಗುತ್ತಿದ್ದಾನೆ. ಕಳೆದ ವರ್ಷ ಒಂದು ಆರತಕ್ಷತೆಯವರು ಅರ್ಧ ಹಣ ಕೊಟ್ಟು, ಉಳಿದದ್ದಕ್ಕೆ ನಾಳೆ ಬಾ ಎಂದು ಇಂದಿನವರೆಗೂ ನಾಳೆಯನ್ನೇ ಹೇಳುತ್ತಿದ್ದಾರೆ. ಅವರ ಮನೆಯ ಮುಂದೆ ಹಾದುಹೋಗುವಾಗ ನಾನು ಬೈಕಿನ ಮೇಲೆ ಈ ಹಾಡನ್ನು ಗುನುಗುತ್ತೇನೆ. ಇನ್ನೂ ಏನೂ ಬಿದ್ದಿಲ್ಲ. ಇಂಗ್ಲೆಂಡಿನ ಪಂಕ್ ತಂಡ ಕ್ಲ್ಯಾಷ್ ಕೂಡ ಇದನ್ನು ಹಾಡಿತು. ಅವರಿಗೆ ಯಾರ ಮೇಲೆ ಸಿಟ್ಟಿತ್ತೋ, ಅವರ ಪಟ್ಟಿ ನನ್ನದಕ್ಕಿಂತ ಉದ್ದವಿರಬೇಕು.

ಲೆಸ್ಲಿ ಕಾಂಗ್ 1971ರಲ್ಲಿ ಹಠಾತ್ತನೆ ತೀರಿಕೊಂಡರು. ಆಮೇಲೆ ಐಲ್ಯಾಂಡ್ ಎಂಬ ರೆಕಾರ್ಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಬಂದರು. ತಂಡದ ಹೆಸರು ‘ಟೂಟ್ಸ್ ಅಂಡ್ ದ ಮೇಟಲ್ಸ್’ ಆಯಿತು. ಉಳಿದಿಬ್ಬರಿಗೆ ಅದು ಹೇಗೆ ಅನ್ನಿಸಿತೋ ಎಂದು ನಾನು ಆಗಾಗ ಯೋಚಿಸುತ್ತೇನೆ. ತಂಡಗಳಲ್ಲಿ ಇರುವವರಿಗೆ ಬ್ಯಾನರಿನ ಮೇಲಿನ ಅಕ್ಷರದ ಗಾತ್ರದ ಸಂಕಟ ಗೊತ್ತು.

ಈಗ ಮಾಸ್ಟರ್ ಹಾಕಿದ ಕ್ಯಾಸೆಟ್ಟಿಗೆ ಬರುತ್ತೇನೆ. ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ 1971ರಲ್ಲಿ ಜಾನ್ ಡೆನ್ವರ್ ಹಾಡಿದ್ದು. ಅವರ ಜೊತೆ ಬಿಲ್ ಡಾನಫ್, ಟ್ಯಾಫಿ ನಿವರ್ಟ್ ಸೇರಿ ಬರೆದದ್ದು. ವೆಸ್ಟ್ ವರ್ಜೀನಿಯಾವನ್ನು ಹಾಡಿ ಹೊಗಳಿದರೂ, ಹಾಡಿಗೆ ಪ್ರೇರಣೆಯಾದ ರಸ್ತೆ ಇದ್ದದ್ದು ಪಕ್ಕದ ಮೇರಿಲ್ಯಾಂಡ್ ರಾಜ್ಯದಲ್ಲಿ. ಅಂದರೆ ಊರಿನ ಹಂಬಲದ ಈ ಹಾಡು ಹುಟ್ಟುವಾಗಲೇ ಊರಿನ ಹೆಸರಿಗೆ ಕಟ್ಟುಬಿದ್ದಿರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಟೂಟ್ಸ್ ಅದನ್ನು ಎತ್ತಿಕೊಂಡು ವೆಸ್ಟ್ ವರ್ಜೀನಿಯಾ ಇದ್ದ ಕಡೆ ವೆಸ್ಟ್ ಜಮೈಕಾ ಎಂದು ಹಾಡಿದರು. ಪಶ್ಚಿಮ ಜಮೈಕಾ ಎಂಬ ರಾಜ್ಯ ಎಲ್ಲೂ ಇಲ್ಲ. ಸಾಲಿನ ಲೆಕ್ಕ ಸರಿಹೊಂದಲಿ ಎಂದು ಹಾಕಿದ್ದು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಒಮ್ಮೆ ನಕ್ಷೆ ತೆರೆದು ನೋಡಿದರೆ, ಅವರು ಹುಟ್ಟಿದ ಮೇ ಪೆನ್ ಇರುವುದು ಕಿಂಗ್‌ಸ್ಟನ್ನಿನಿಂದ ಪಶ್ಚಿಮಕ್ಕೆ. ಟ್ರೆಂಚ್‌ಟೌನ್‌ನಲ್ಲಿ ನಿಂತ ಹುಡುಗನಿಗೆ ಮನೆಯ ದಾರಿ ನಿಜಕ್ಕೂ ಪಶ್ಚಿಮದ ದಾರಿ. ಅವರು ಇದನ್ನು ಯೋಚಿಸಿ ಹಾಕಿದರು ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಹಿರಿಯರು ರಾತ್ರಿ ಹನ್ನೊಂದರ ಮೇಲೆ ಇದೇ ಹಾಡನ್ನು ಏಕೆ ಕೇಳುತ್ತಾರೆ ಎಂಬುದು ನನಗೆ ಆ ನಕ್ಷೆ ನೋಡುವಾಗ ಹೊಳೆಯಿತು. ಅವರ ಮಕ್ಕಳೆಲ್ಲ ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಪೂರ್ವದ ಕಡೆಗೆ ಮರಳುವವರು.

ಇನ್ನು ತಾಳದ ವಿಷಯ. ಇದರ ಬಗ್ಗೆ ಹೇಳದಿದ್ದರೆ ಕೀಬೋರ್ಡ್ ವಾದಕನಾಗಿ ನಾನು ಇದನ್ನು ಬರೆಯುವುದಕ್ಕೆ ಅರ್ಥವೇ ಇಲ್ಲ. ಕಂಟ್ರಿ ಹಾಡಿನಲ್ಲಿ ಸಾಮಾನ್ಯವಾಗಿ ಬೇಸ್ ಒಂದು ಪೆಟ್ಟು ಇಡುತ್ತದೆ, ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ: ಧಮ್, ಚಕ್, ಧಮ್, ಚಕ್. ಈ ಉತ್ತರದ ‘ಚಕ್’ ಇದೆಯಲ್ಲ, ಎದುರು ಪೆಟ್ಟು, ಜಮೈಕಾದವರು ಅದನ್ನೇ ಮುಂದಕ್ಕೆ ತಂದು ಕೂರಿಸಿದರು. ಗಿಟಾರ್ ಮತ್ತು ಆರ್ಗನ್ ಎದುರು ಪೆಟ್ಟನ್ನೇ ಚುಟುಕಾಗಿ ಕಡಿಯುತ್ತವೆ. ಬೇಸ್ ತಾನೇ ಒಂದು ರಾಗ ಹಾಡುತ್ತ ನಡುನಡುವೆ ಬಾಯಿ ಮುಚ್ಚಿಕೊಳ್ಳುತ್ತದೆ. ಹಲವು ರೆಗ್ಗೆ ಹಾಡುಗಳಲ್ಲಿ ಡ್ರಮ್ ನಾಲ್ಕರ ಮೊದಲ ಮಾತ್ರೆಯನ್ನು ಖಾಲಿ ಬಿಟ್ಟು ಮೂರನೆಯದರಲ್ಲಿ ಭಾರ ಇಳಿಸುತ್ತದೆ. ಹೀಗಾಗಿ ಕಂಟ್ರಿ ಹಾಡೊಂದನ್ನು ರೆಗ್ಗೆಗೆ ತರಲು ಹೊಸದಾಗಿ ಸೇರಿಸಬೇಕಾದ್ದು ಕಡಿಮೆ, ತೆಗೆಯಬೇಕಾದ್ದು ಹೆಚ್ಚು. ಮೂಲದಲ್ಲೇ ಇದ್ದ ಎದುರು ಪೆಟ್ಟು ತಾನಾಗಿ ಮೇಲೆದ್ದು ಕಾಣುತ್ತದೆ. ಟೂಟ್ಸ್ ಕಂಠದಲ್ಲಿ ಆ ಹಾಡು ಎರವಲು ತಂದ ಅಂಗಿಯಂತೆ ತೋರದಿರುವುದಕ್ಕೆ ಇದೂ ಒಂದು ಕಾರಣ.

ಇದನ್ನು ನಮ್ಮ ತಂಡದಲ್ಲಿ ಮಾಡಲು ಹೋಗಿ ಪಟ್ಟ ಪಾಡು ಬೇರೆ. ಕೀಬೋರ್ಡಿನಲ್ಲಿ ರೆಗ್ಗೆ ಎಂಬ ಸ್ಟೈಲ್ ಇದೆ, ಗುಂಡಿ ಒತ್ತಿದರೆ ಬರುತ್ತದೆ. ಅದು ಬರುವುದು ಗೋಡೆ ಗಡಿಯಾರದಿಂದ ಹೊರಟಂತೆ. ಕೈಯಲ್ಲಿ ನುಡಿಸೋಣ ಎಂದರೆ ನಮ್ಮ ರಿದಮ್ ಪ್ಯಾಡ್ ಹುಡುಗ ಒಪ್ಪಲಿಲ್ಲ. “ಅಣ್ಣ, ಮೊದಲನೇ ಪೆಟ್ಟು ಬಿಟ್ಟರೆ ಕೆಳಗೆ ಕುಳಿತವರು ನನ್ನ ಕೈ ತಪ್ಪಿತು ಅಂದುಕೊಳ್ಳುತ್ತಾರೆ” ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಕಡೆಯ ಕಿವಿ ತಮಟೆಯ ಮೇಲೆ ಬೆಳೆದದ್ದು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅಂಥವರ ತಮಟೆ ಕೇಳಿದವರಿಗೆ ಮೊದಲ ಪೆಟ್ಟು ಎದೆಗೇ ಬೀಳಬೇಕು. ಕೊನೆಗೆ ಒಪ್ಪಂದವೆಂದರೆ ಹುಡುಗ ಮೊದಲನೆಯದನ್ನು ಮೆಲ್ಲಗೆ ಮುಟ್ಟುತ್ತಾನೆ, ನಾನು ಎಡಗೈಯ ಬೇಸ್ ನಿಲ್ಲಿಸಿ ಜಾಗ ಕೊಡುತ್ತೇನೆ. ಶುದ್ಧ ರೆಗ್ಗೆ ಬಲ್ಲವರು ಕೇಳಿದರೆ ಬೈಯುತ್ತಾರೆ. ಚಾಂಪಿಯನ್ ರೀಫ್ಸ್‌ನ ಮುಂದಿನ ಸಾಲಿನವರು ಎದ್ದು ಕುಣಿಯುತ್ತಾರೆ.

ತಾಳ ಜಮೈಕಾದ್ದು, ಹಾಡು ಕಂಟ್ರಿಯದು ಎಂದಮೇಲೆ ಸೋಲ್ ಎಲ್ಲಿದೆ? ಗಂಟಲಿನಲ್ಲಿ. ಟೂಟ್ಸ್ ಒಂದು ಸಾಲನ್ನು ಹಾಡಿ ಮುಗಿಸುವುದಿಲ್ಲ. ಅದರ ಕೊನೆಯ ಪದವನ್ನು ಹಿಡಿದು, ತಿರುಗಿಸಿ, ಒರಟಾಗಿ ಉಜ್ಜಿ, ಮತ್ತೆ ಮತ್ತೆ ಕೇಳುತ್ತಾರೆ. ಇಬ್ಬರು ಹಿಂದಿನಿಂದ ಉತ್ತರ ಕೊಡುತ್ತಾರೆ. ಕೈವಾರ ತಾತಯ್ಯನವರ ಪದಗಳನ್ನು ರಾತ್ರಿಯಿಡೀ ಹಾಡುವ ಭಜನೆ ತಂಡದಲ್ಲಿ ಮುಂದಾಳು ಹೀಗೆಯೇ ಒಂದು ಸಾಲಿಗೆ ಕಚ್ಚಿಕೊಂಡುಬಿಡುತ್ತಾನೆ. ಅವನಿಗೆ ಮುಂದಿನ ಸಾಲಿನ ಅವಸರವಿಲ್ಲ, ಹಿಂದಿನವರು ಸರಿಯಾಗಿ ಹೇಳುವವರೆಗೆ ಬಿಡುವುದಿಲ್ಲ. ಚರ್ಚಿನಲ್ಲಿ ಕಲಿತವನ ರೀತಿಯೂ ಅದೇ. ಟೂಟ್ಸ್ ಪೊಲೀಸರ ಬಗ್ಗೆ ಹಾಡಿದರೂ, ಮದುವೆಯ ಬಗ್ಗೆ ಹಾಡಿದರೂ ಪ್ರವಚನ ಮಾಡುವವರಂತೆಯೇ ಹಾಡಿದರು. 1988ರಲ್ಲಿ ಅವರು ಸೋಲ್ ಸಂಗೀತದ ತವರಾದ ಮೆಂಫಿಸ್‌ಗೇ ಹೋಗಿ, ಜಿಮ್ ಡಿಕಿನ್ಸನ್ ನಿರ್ಮಾಣದಲ್ಲಿ, ಜಮೈಕಾದ ಜೋಡಿ ಸ್ಲೈ ಮತ್ತು ರಾಬಿಯ ಡ್ರಮ್, ಬೇಸ್ ಜೊತೆ ಹಳೆಯ ಸೋಲ್ ಹಾಡುಗಳ ‘ಟೂಟ್ಸ್ ಇನ್ ಮೆಂಫಿಸ್’ ಮಾಡಿದರು. ವಿಮರ್ಶಕರಿಗೆ ಅದು ಬಹಳ ಇಷ್ಟ. ನನಗೆ ಸ್ವಲ್ಪ ನಯ ಹೆಚ್ಚಾಯಿತು ಎನಿಸುತ್ತದೆ. ಎಂಬತ್ತರ ದಶಕದ ಡ್ರಮ್ ಸದ್ದು ಎಲ್ಲ ದೇಶಗಳ ಸಂಗೀತವನ್ನೂ ಒಂದಿಷ್ಟು ಕೆಡಿಸಿದೆ, ನಮ್ಮ ಚಿತ್ರಗೀತೆಗಳನ್ನೂ ಬಿಟ್ಟಿಲ್ಲ.

ದಾರಿ ಒಮ್ಮುಖವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಹ್ಯೂಸ್ಟನ್ನಿನ ಜಾನಿ ನ್ಯಾಷ್ ಸೋಲ್ ಹಾಡುತ್ತಿದ್ದವರು; ಜಮೈಕಾಕ್ಕೆ ಬಂದು ಅಲ್ಲಿನ ತಾಳ ಹಿಡಿದು, 1972ರಲ್ಲಿ ಮಳೆ ನಿಂತು ಬೆಳಕಾಗುವ ಒಂದು ಹಾಡಿನಿಂದ ಅಮೆರಿಕದ ಪಟ್ಟಿಯ ತುದಿಗೇರಿದರು. ಕಂಟ್ರಿಯ ದೊಡ್ಡ ಹೆಸರು ಜಾನಿ ಕ್ಯಾಷ್ ಜಮೈಕಾದಲ್ಲಿ ಮನೆಯನ್ನೇ ಮಾಡಿಕೊಂಡಿದ್ದರು. ಇನ್ನೊಬ್ಬ ಹಿರಿಯ ವಿಲ್ಲೀ ನೆಲ್ಸನ್ 2004ರ ‘ಟ್ರೂ ಲವ್’ ಆಲ್ಬಂನಲ್ಲಿ ಟೂಟ್ಸ್ ಜೊತೆ ಹಾಡಿದರು, ಮರುವರ್ಷ ತಾವೇ ಒಂದು ರೆಗ್ಗೆ ಆಲ್ಬಂ ತಂದಾಗ ಟೂಟ್ಸ್ ಅವರನ್ನು ಕರೆದರು. ‘ಟ್ರೂ ಲವ್’ಗೆ ಗ್ರ್ಯಾಮಿ ಬಂತು. ಎರಿಕ್ ಕ್ಲ್ಯಾಪ್ಟನ್, ಕೀತ್ ರಿಚರ್ಡ್ಸ್, ಬಾನಿ ರೇಟ್ ಎಲ್ಲರೂ ಅದರಲ್ಲಿದ್ದಾರೆ. ದೊಡ್ಡವರ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಹೆಸರುಗಳು ಜಾಸ್ತಿಯಾಗಿ ಮುಹೂರ್ತ ಎಲ್ಲಿದೆ ಎಂದು ಹುಡುಕಬೇಕಾದ ಸ್ಥಿತಿ. ಪ್ರಶಸ್ತಿ ಬಂದದ್ದಕ್ಕೆ ಸಂತೋಷ, ಆಲ್ಬಂ ಮತ್ತೆ ಹಾಕಿ ಕೇಳುವುದು ಅಪರೂಪ.

ಮಾರ್ಲೆಗೆ ಸಿಕ್ಕಿದ್ದು ಇವರಿಗೆ ಏಕೆ ಸಿಗಲಿಲ್ಲ ಎಂದು ಜನ ಕೇಳುತ್ತಾರೆ. ಇಬ್ಬರನ್ನೂ ಹೊರದೇಶಗಳಿಗೆ ಒಯ್ದದ್ದು ಒಂದೇ ಕಂಪನಿ. 1970ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನ ‘ದ ಹೂ’ ಎಂಬ ರಾಕ್ ತಂಡದ ಅಮೆರಿಕ ಪ್ರವಾಸದಲ್ಲಿ ಮೊದಲ ಹಾಡು ಹಾಡಲು ಮೇಟಲ್ಸ್ ಹೋದರು. ಆ ರಾಕ್ ಸಂಗೀತದ ಜನರ ಮುಂದೆ ಇವರ ಹಾಡು ನಾಟಲಿಲ್ಲ. ಮಾರ್ಲೆಯ ಬಳಿ ಒಂದು ಮತ, ಒಂದು ರಾಜಕೀಯ, ಒಂದು ಮುಖಮುದ್ರೆ ಇತ್ತು. ಟೂಟ್ಸ್ ಬಳಿ ಇದ್ದದ್ದು ಮುಂದಿನ ಕಾರ್ಯಕ್ರಮ. ಅಂಗಿಯ ಮೇಲೆ ಅಚ್ಚು ಹಾಕಲು ಮುಂದಿನ ಕಾರ್ಯಕ್ರಮ ಸಾಲದು. ಇದು ಅನ್ಯಾಯ ಎಂದು ನನಗೆ ಪೂರ್ತಿ ಅನ್ನಿಸುವುದಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡಿಯೇ ಬದುಕಿದ್ದು ಸಣ್ಣ ಸಂಗತಿಯಲ್ಲ. ನಮ್ಮ ರಸಮಂಜರಿ ವಲಯದಲ್ಲಿ ಹಾಡಿಯೇ ನಿವೃತ್ತಿಯ ವಯಸ್ಸು ಮುಟ್ಟಿದವರನ್ನು ಹುಡುಕಬೇಕು. ಉಳಿದವರೆಲ್ಲ ನನ್ನಂತೆ ಹಗಲು ಯೂರಿಯಾ ಲೆಕ್ಕ ಬರೆಯುವವರು.

2013ರ ಮೇ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್‌ಮಂಡ್‌ನಲ್ಲಿ ಅವರು ವೇದಿಕೆಯ ಮೇಲಿದ್ದಾಗ ಸಭಿಕರ ನಡುವಿನಿಂದ ಒಬ್ಬ ಹತ್ತೊಂಬತ್ತರ ಹುಡುಗ ವೋಡ್ಕಾ ಬಾಟಲಿ ಎಸೆದ. ಅದು ತಲೆಗೆ ಬಿತ್ತು. ಆಗ ಟೂಟ್ಸ್‌ಗೆ ಎಪ್ಪತ್ತು ವರ್ಷ. ತಲೆನೋವು, ತಲೆಸುತ್ತು, ಮರೆವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಜನಸಂದಣಿಯ ಭಯ. ತಾವೇ ಬರೆದ ಹಾಡಿನ ಸಾಲುಗಳು ನೆನಪಿಗೆ ಬರುತ್ತಿಲ್ಲ ಎಂದರು. ಪ್ರವಾಸಗಳೆಲ್ಲ ರದ್ದಾದವು. ಇಷ್ಟೆಲ್ಲ ಆದಮೇಲೂ ಅವರು ನ್ಯಾಯಾಧೀಶರಿಗೆ ಪತ್ರ ಬರೆದು, ತಮಗಾದ ತೊಂದರೆಗಳನ್ನು ಹೇಳಿಕೊಂಡು, ಹುಡುಗನಿಗೆ ಕಠಿಣ ಶಿಕ್ಷೆ ಬೇಡ ಎಂದು ಕೇಳಿಕೊಂಡರು. ಹುಡುಗನಿಗೆ ಆರು ತಿಂಗಳು ಜೈಲಾಯಿತು. ಜೈಲು ಎಂದರೆ ಏನು ಎಂದು ಗೊತ್ತಿದ್ದ ಮನುಷ್ಯ ಬರೆದ ಪತ್ರ ಅದು. ನಮ್ಮ ಮೇಲೂ ಬಾಳೆಹಣ್ಣಿನ ಸಿಪ್ಪೆ, ನೀರಿನ ಬಾಟಲಿ ಬಿದ್ದದ್ದಿದೆ. ಕುಡಿದವರು ಕೇಳಿದ ಹಾಡು ಬರದಿದ್ದರೆ ಹಾಗಾಗುತ್ತದೆ. ನಾವು ಯಾರ ಪರವಾಗಿಯೂ ಪತ್ರ ಬರೆದಿಲ್ಲ, ಮನಸಾರೆ ಬೈದು ವೈರು ಸುತ್ತಿದ್ದೇವೆ.

ಮೂರು ವರ್ಷಗಳ ನಂತರ, 2016ರಲ್ಲಿ ಅವರು ಮತ್ತೆ ವೇದಿಕೆ ಹತ್ತಿದರು. 2020ರ ಆಗಸ್ಟ್ ಕೊನೆಯಲ್ಲಿ ‘ಗಾಟ್ ಟು ಬಿ ಟಫ್’ ಬಂತು. ಅದು ಬಂದು ಎರಡು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 11ರಂದು, ಕಿಂಗ್‌ಸ್ಟನ್ನಿನಲ್ಲಿ ತೀರಿಕೊಂಡರು. ಕೊರೊನಾ ಕಾಲ, ಇಲ್ಲಿ ನಮಗೆ ಒಂದೂ ಕಾರ್ಯಕ್ರಮವಿಲ್ಲದೆ ಕೀಬೋರ್ಡಿನ ಮೇಲೆ ಹಾಸಿದ ಬಟ್ಟೆ ತೆಗೆದಿರಲಿಲ್ಲ. ಮರುವರ್ಷ ಆ ಆಲ್ಬಂಗೆ ಗ್ರ್ಯಾಮಿ ಕೊಟ್ಟರು.

ಕೇಳಬೇಕೆನ್ನುವವರಿಗೆ ನನ್ನ ಸಲಹೆ: ಪ್ರಶಸ್ತಿ ಬಂದವುಗಳಿಂದ ಆರಂಭಿಸಬೇಡಿ. ‘ಫಂಕಿ ಕಿಂಗ್‌ಸ್ಟನ್’ ಆಲ್ಬಂನ 1975ರ ಅಮೆರಿಕದ ಆವೃತ್ತಿ ತೆಗೆದುಕೊ‍ಳ್ಳಿ, ‘ಕಂಟ್ರಿ ರೋಡ್ಸ್’ ಅದರಲ್ಲಿದೆ. ಆಮೇಲೆ ಲೆಸ್ಲಿ ಕಾಂಗ್ ಕಾಲದ ಹಾಡುಗಳು. ಅದೂ ಹಿಡಿಸಿದರೆ 1980ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಪ್ಯಾಲೆಯಲ್ಲಿ ಹಾಡಿದ್ದನ್ನು ಮುದ್ರಿಸಿ ಇಪ್ಪತ್ತನಾಲ್ಕು ಗಂಟೆಯೊಳಗೆ ಅಂಗಡಿಗೆ ತಲುಪಿಸಿದ ಲೈವ್ ಆಲ್ಬಂ. ಅವಸರದಲ್ಲಿ ಮಾಡಿದ್ದರಿಂದ ತಿದ್ದಲು ಯಾರಿಗೂ ಸಮಯ ಸಿಗಲಿಲ್ಲ, ಅದೇ ಅದರ ಭಾಗ್ಯ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬೇಸ್ ಕೇಳದಿದ್ದರೆ ಅರ್ಧ ಹಾಡು ಹೋಯಿತು. ಪರಿಚಯದ ಸೌಂಡ್ಸ್‌ನವರಿದ್ದರೆ ಮಧ್ಯಾಹ್ನ ಅವರ ಗೋದಾಮಿಗೆ ಹೋಗಿ, ಒಂದು ಪೆಟ್ಟಿಗೆಗೆ ಮೊಬೈಲ್ ಸಿಕ್ಕಿಸಿಕೊಡಿ ಎಂದು ಕೇಳಿ. ಚಹಾ ಕೊಡಿಸಿದರೆ ಸಾಕು, ಒಪ್ಪುತ್ತಾರೆ.